ಕೌಂಟ್ ಬಂತಾ?

ಡೆಂಗಿ ಜ್ವರ ನಮ್ಮ ಹಳ್ಳಿಗಳಿಗೆ ಸಂಕಟದ ಜೊತೆ ಒಂದಿಷ್ಟು ರಕ್ತಶಾಸ್ತ್ರವನ್ನೂ ಹೊತ್ತು ತಂದಿತು. ಹಿಂದೆ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನಲ್ಲಿ ‘ಪ್ಲೇಟ್‌ಲೆಟ್’ ಎಂದರೆ ಯಾರೂ ಕಿವಿಗೊಡುತ್ತಿರಲಿಲ್ಲ. ಈಗ ಮಳೆಗಾಲ ಹಿಡಿದರೆ ಸಾಕು, ಡೇರಿಗೆ ಹಾಲು ಹಾಕಲು ನಿಂತವರ ಬಾಯಲ್ಲೂ ಅದೇ ಮಾತು: ‘ನಲವತ್ತು ಸಾವಿರಕ್ಕೆ ಇಳಿದಿತ್ತಂತೆ, ನಿನ್ನೆ ಅರವತ್ತಕ್ಕೆ ಬಂದಿದೆಯಂತೆ.’ ಪಪ್ಪಾಯಿ ಎಲೆ ಅರೆದು ರಸ ಕುಡಿಸುವವರು ಒಂದು ಕಡೆ, ಕಾರು ಮಾಡಿಕೊಂಡು ಬೆಂಗಳೂರಿಗೆ ಓಡುವವರು ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಇರುವುದು ಒಂದೇ ಕಾಗದ: ಲ್ಯಾಬಿನವರು ಕೊಟ್ಟ ಸಿಬಿಸಿ ವರದಿ. ಕಂಪ್ಲೀಟ್ ಬ್ಲಡ್ ಕೌಂಟ್, ಅಂದರೆ ರಕ್ತಕಣಗಳ ಪೂರ್ಣ ಲೆಕ್ಕ. ಖರ್ಚು ಕೆಲವು ನೂರು ರೂಪಾಯಿ.

ಇದೇ ಕಾಗದವನ್ನು ರಕ್ತದ ಕ್ಯಾನ್ಸರ್‌ಗೆ ಆಕರಕೋಶ (ಸ್ಟೆಮ್ ಸೆಲ್) ಕಸಿ ಮಾಡಿಸಿಕೊಂಡವರ ಮನೆಯವರು ಉಸಿರು ಬಿಗಿಹಿಡಿದು ಓದುತ್ತಾರೆ. ಹಲವು ಲಕ್ಷ ರೂಪಾಯಿ, ತಿಂಗಳುಗಟ್ಟಲೆ ಆಸ್ಪತ್ರೆವಾಸ, ಅಣ್ಣನದೋ ತಂಗಿಯದೋ ಮಜ್ಜೆ, ಅಷ್ಟೆಲ್ಲ ಆದ ಮೇಲೆ ಕಸಿ ಫಲಿಸಿತೇ ಇಲ್ಲವೇ ಎಂಬುದರ ಮೊದಲ ಸುಳಿವು ಸಿಗುವುದು ಈ ಅಗ್ಗದ ಪರೀಕ್ಷೆಯಲ್ಲಿ. ಫಲಿಸಿತೇ ಎಂಬುದಷ್ಟೇ ಅಲ್ಲ, ರೋಗ ಮರಳುವ ಸಂಭವ ಎಷ್ಟು, ಸೋಂಕಿನ ಅಪಾಯ ಎಷ್ಟು, ಮುಂದಿನ ಒಂದೆರಡು ವರ್ಷ ಹೇಗಿರಬಹುದು ಎಂಬ ಪ್ರಶ್ನೆಗಳಿಗೂ ಇದೇ ಅಂಕಿಗಳಲ್ಲಿ ಉತ್ತರ ಹುಡುಕುವ ಸಂಶೋಧನೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿದೆ. ಜೀನ್‌ಗಳನ್ನೇ ಓದುವ ಯಂತ್ರಗಳು ಬಂದಿರುವ ಕಾಲದಲ್ಲಿ ಇದೇನು ಹಳೇ ಲೆಕ್ಕ ಅನ್ನಿಸಬಹುದು. ನನಗಂತೂ ಈ ಹಳೇ ಲೆಕ್ಕವೇ ಹೆಚ್ಚು ಕುತೂಹಲದ್ದು. ಏಕೆಂದರೆ ಕಸಿ ಬೆಂಗಳೂರಿನಲ್ಲೋ ವೆಲ್ಲೂರಿನಲ್ಲೋ ಆಗಬಹುದು. ಆಮೇಲಿನ ಸಿಬಿಸಿ ಚನ್ನಪಟ್ಟಣದ ಪೇಟೆಬೀದಿಯ ಲ್ಯಾಬಿನಲ್ಲೇ ಆಗುತ್ತದೆ.

ಹೊಂಗನೂರಿಗೂ ರಕ್ತಪರೀಕ್ಷೆಗೂ ಒಂದು ನಂಟಿದೆ. ಅಲ್ಲಿನ ಸರ್ಕಾರಿ ಶಾಲೆಗೆ ದೊಡ್ಡ ಕಟ್ಟಡ ಕಟ್ಟಿಸಿಕೊಟ್ಟ ಡಾ. ಎಚ್.ಎಂ. ವೆಂಕಟಪ್ಪ ಅದೇ ಊರಿನವರು, ಬೆಂಗಳೂರಿನಲ್ಲಿ ಕಣ್ವ ಡಯಾಗ್ನೋಸ್ಟಿಕ್ಸ್ ಕಟ್ಟಿ ಬೆಳೆಸಿದವರು. ಚನ್ನಪಟ್ಟಣದ ಸೀಮೆಯಲ್ಲಿ ಹರಿಯುವ ಹೊಳೆಯ ಹೆಸರೂ ಕಣ್ವ.

ಲ್ಯಾಬಿನೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊಣಕೈ ಮಡಿಕೆಯಿಂದ ಎರಡು ಮೂರು ಮಿಲಿಲೀಟರ್ ರಕ್ತ ತೆಗೆದು ನೇರಳೆ ಮುಚ್ಚಳದ ಕೊಳವೆಗೆ ಬಿಡುತ್ತಾರೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕ ಮೊದಲೇ ಸವರಿರುತ್ತದೆ. ಕೊಳವೆಯನ್ನು ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ ಯಂತ್ರದ ಸೂಜಿಯ ಕೆಳಗೆ ಹಿಡಿದರೆ ಅದು ಒಂದು ಗುಟುಕು ಎಳೆದುಕೊಳ್ಳುತ್ತದೆ. ಒಂದು ನಿಮಿಷಕ್ಕೆಲ್ಲ ತೆರೆಯ ಮೇಲೆ ಇಪ್ಪತ್ತು ಚಿಲ್ಲರೆ ಅಂಕಿಗಳು. ಯಂತ್ರ ಕಣಗಳನ್ನು ಎಣಿಸುವ ಉಪಾಯ ಅಮೆರಿಕದ ವ್ಯಾಲೆಸ್ ಕೌಲ್ಟರ್ ಎಂಬಾತನದು. 1953ರಲ್ಲಿ ಪೇಟೆಂಟ್ ಸಿಕ್ಕಿತು. ಉಪ್ಪುನೀರಿನಲ್ಲಿ ತೇಲುವ ಕಣಗಳನ್ನು ಕೂದಲೆಳೆಯಷ್ಟು ಸಣ್ಣ ತೂತಿನ ಮೂಲಕ ಹಾಯಿಸುವುದು, ತೂತಿನ ಎರಡೂ ಬದಿಗೆ ವಿದ್ಯುತ್ ಹರಿಸುವುದು. ಕಣವೊಂದು ತೂತಿನಲ್ಲಿ ನುಸುಳುವಾಗ ವಿದ್ಯುತ್ತಿಗೆ ಕ್ಷಣಕಾಲ ಅಡ್ಡಿಯಾಗುತ್ತದೆ. ಎಷ್ಟು ಅಡ್ಡಿಗಳೋ ಅಷ್ಟು ಕಣಗಳು. ಅಡ್ಡಿ ದೊಡ್ಡದಾದಷ್ಟೂ ಕಣವೂ ದೊಡ್ಡದು. ಕೌಲ್ಟರ್ ಮೊದಲ ತೂತನ್ನು ಸಿಗರೇಟು ಪೊಟ್ಟಣದ ಹೊಳೆಯುವ ಹಾಳೆಗೆ ಕಾದ ಸೂಜಿ ಚುಚ್ಚಿ ಮಾಡಿದನೆಂದು ಕತೆ ಹೇಳುತ್ತಾರೆ. ಅದಕ್ಕೂ ಮೊದಲು ಚೌಕಳಿ ಗೆರೆಯ ಗಾಜಿನ ಮೇಲೆ ರಕ್ತ ಹರಡಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಒಂದು ಎರಡು ಎಂದು ಎಣಿಸಬೇಕಿತ್ತು.

ಯಂತ್ರವೂ ಮೋಸಹೋಗುತ್ತದೆ. ಕೆಲವರ ರಕ್ತಕ್ಕೆ ಇಡಿಟಿಎ ಸೋಕಿದೊಡನೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಹತ್ತು ಪ್ಲೇಟ್‌ಲೆಟ್‌ಗಳ ಗುಂಪನ್ನು ಯಂತ್ರ ಒಂದು ಕಣವೆಂದೇ ಲೆಕ್ಕ ಹಾಕಿ, ಒಂದೂವರೆ ಲಕ್ಷ ಇದ್ದವರಿಗೂ ‘ನಲವತ್ತು ಸಾವಿರ’ ಎಂದು ಅಚ್ಚು ಹಾಕಿ ಕೊಡುತ್ತದೆ. ಅನುಭವಿ ಟೆಕ್ನಿಶಿಯನ್ ಆದರೆ ಒಂದು ಹನಿಯನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಅಂಚಿನಲ್ಲಿ ಗುಂಪು ಕೂತಿವೆಯೇ ಎಂದು ನೋಡುತ್ತಾರೆ. ಬೇಕಾದರೆ ಬೇರೆ ಕೊಳವೆಯಲ್ಲಿ ರಕ್ತ ತೆಗೆಸಿ ಮತ್ತೆ ಎಣಿಸುತ್ತಾರೆ. ಕಸಿಯಾದವರ ವಿಷಯದಲ್ಲಿ ಈ ಗಾಜಿನ ಹಾಳೆ ಯಂತ್ರದಷ್ಟೇ ಮುಖ್ಯ. ಹಳೆಯ ಕ್ಯಾನ್ಸರ್ ಕಣ ಒಂದೆರಡು ಮರಳಿ ಇಣುಕಿದರೂ ಪಳಗಿದ ಕಣ್ಣಿಗೆ ಕಾಣುವುದು ಅಲ್ಲೇ.

ಇನ್ನು ಕಸಿಯ ವಿಷಯ. ನಮ್ಮ ಮೂಳೆಯೊಳಗಿನ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳನ್ನು ಹೊರಬಿಡುತ್ತಿರುತ್ತದೆ. ಕೆಂಪು ಕಣದ ಆಯಸ್ಸು 120 ದಿನ, ಪ್ಲೇಟ್‌ಲೆಟ್‌ನದು ಏಳರಿಂದ ಹತ್ತು ದಿನ. ಸೋಂಕಿನ ಮೇಲೆ ಮೊದಲು ಬೀಳುವ ನ್ಯೂಟ್ರೋಫಿಲ್ ರಕ್ತದಲ್ಲಿ ಒಂದು ದಿನವೂ ತಿರುಗಾಡುವುದಿಲ್ಲ. ಇವೆಲ್ಲಕ್ಕೂ ತಾಯಿಬೇರು ಒಂದೇ ಬಗೆಯ ಆಕರಕೋಶ ಎಂಬುದನ್ನು 1961ರಲ್ಲಿ ಟೊರೊಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ಇಲಿಗಳ ಗುಲ್ಮದ ಮೇಲೆ ಎದ್ದ ಗಂಟುಗಳನ್ನು ಎಣಿಸುತ್ತ ಕಂಡುಕೊಂಡರು. ಅದಕ್ಕೂ ಮುಂಚೆಯೇ, 1957ರಲ್ಲಿ, ಅಮೆರಿಕದ ಡೊನಾಲ್ ಥಾಮಸ್ ಆರು ರೋಗಿಗಳಿಗೆ ಬೇರೆಯವರ ಮಜ್ಜೆ ಹಾಕಿ ವರದಿ ಪ್ರಕಟಿಸಿದ್ದರು. ಆರು ಮಂದಿಯಲ್ಲಿ ಒಬ್ಬರೂ ನೂರು ದಿನ ದಾಟಲಿಲ್ಲ. ಥಾಮಸ್ ಕೈಬಿಡಲಿಲ್ಲ, 1990ರಲ್ಲಿ ಅವರಿಗೆ ನೊಬೆಲ್ ಬಂತು. ಭಾರತದಲ್ಲಿ ಮೊದಲ ಮಜ್ಜೆ ಕಸಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ ಆಯಿತು. ಮೂರು ವರ್ಷಕ್ಕೆ ವೆಲ್ಲೂರಿನ ಸಿಎಂಸಿ ಆರಂಭಿಸಿತು. 1973ರಲ್ಲಿ ಶುರುವಾದ ನಮ್ಮ ಕಿದ್ವಾಯಿ ಸಂಸ್ಥೆಯಲ್ಲೂ ಈಗ ಕಸಿ ಘಟಕವಿದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಹಲವೆಡೆ ಇದೆ. ದಾನಿಯ ಕಣಗಳು ರೋಗಿಯ ದೇಹದ ಮೇಲೇ ತಿರುಗಿಬೀಳದಂತೆ ಕೊಡುವ ಮದ್ದುಗಳಲ್ಲಿ ಮೆಥೊಟ್ರೆಕ್ಸೇಟ್ ಇವತ್ತಿಗೂ ಒಂದು. ಅದನ್ನು ರೂಪಿಸಿದ ಲೆಡರ್ಲಿ ಪ್ರಯೋಗಾಲಯದ ಆಗಿನ ಸಂಶೋಧನಾ ಮುಖ್ಯಸ್ಥ ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ಕಸಿಯಲ್ಲಿ ಎರಡು ಬಗೆ. ಮಯಲೋಮಾ ಮತ್ತು ಹಲವು ಲಿಂಫೋಮಾಗಳೆಂಬ ರಕ್ತದ ಕ್ಯಾನ್ಸರ್‌ಗಳಲ್ಲಿ ರೋಗಿಯ ಆಕರಕೋಶಗಳನ್ನೇ ಮೊದಲು ತೆಗೆದು ಶೈತ್ಯದಲ್ಲಿಟ್ಟು, ಭಾರೀ ಪ್ರಮಾಣದ ಕೀಮೋ ಕೊಟ್ಟು, ಆಮೇಲೆ ಅವನ್ನೇ ಹಿಂದಿರುಗಿಸುತ್ತಾರೆ. ಲ್ಯುಕೇಮಿಯಾದಲ್ಲಿ ಸಾಮಾನ್ಯವಾಗಿ ಒಡಹುಟ್ಟಿದವರದೋ, ಹೊಂದುವ ಪರಕೀಯರದೋ, ಈಚೆಗೆ ಅರ್ಧ ಹೊಂದುವ ತಂದೆತಾಯಿ ಮಕ್ಕಳದೋ ಕೋಶಗಳು ಬರುತ್ತವೆ. ಎರಡರಲ್ಲೂ ನಡೆಯುವುದನ್ನು ಚನ್ನಪಟ್ಟಣ, ರಾಮನಗರದ ಕಡೆಯ ರೇಷ್ಮೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಬೆಳೆ ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಹುಳುಮನೆ ಬರಿದು ಮಾಡುತ್ತಾರೆ. ತಟ್ಟೆ, ಸ್ಟ್ಯಾಂಡು, ಚಂದ್ರಿಕೆ ಎಲ್ಲ ಹೊರಗೆ; ನೆಲಕ್ಕೂ ಗೋಡೆಗೂ ಬ್ಲೀಚಿಂಗ್ ನೀರು. ಹಳೆ ಬೆಳೆಯ ರೋಗ ಒಂದು ಮೂಲೆಯಲ್ಲಿ ಉಳಿದರೂ ಹೊಸ ಬೆಳೆ ಕೈಬಿಟ್ಟಂತೆ. ಆಮೇಲೆ ಚಾಕಿ ಹುಳು ಬರುತ್ತವೆ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಮನೆಯವರೂ ಕೈಕಾಲು ತೊಳೆದೇ ಹೋಗಬೇಕು. ಕಸಿ ವಾರ್ಡಿನ ಗಾಜಿನ ಬಾಗಿಲ ಹಿಂದಿನ ಶಿಸ್ತೂ ಇದೇ. ಒಂದೇ ವ್ಯತ್ಯಾಸ, ಹುಳುಮನೆಯಲ್ಲಿ ಹುಳು ಮೇಯುವ ಸದ್ದು ಕಿವಿಗೆ ಕೇಳುತ್ತದೆ. ಮಜ್ಜೆಯೊಳಗೆ ಹೊಸ ಕೋಶಗಳು ಬೇರು ಬಿಟ್ಟವೋ ಇಲ್ಲವೋ ತಿಳಿಯಲು ದಿನವೂ ರಕ್ತ ತೆಗೆದು ಎಣಿಸಬೇಕು.

ಕೋಶಗಳನ್ನು ಹಾಕಿದ ದಿನಕ್ಕೆ ‘ಸೊನ್ನೆಯ ದಿನ’ ಎನ್ನುತ್ತಾರೆ. ಅಲ್ಲಿಂದ ಒಂದು ವಾರದೊಳಗೆ ಬಿಳಿ ಕಣಗಳು ಸೊನ್ನೆಯ ಹತ್ತಿರ ಬರುತ್ತವೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ, ಅಂದರೆ ಹನಿಯ ಸಣ್ಣ ಪಾಲಿಗೆ, 4,000ದಿಂದ 11,000 ಬಿಳಿ ಕಣ ಇರಬೇಕು. ಇಲ್ಲಿ ನೂರು, ಐವತ್ತು. ಬಾಯಿ ಹುಣ್ಣಾಗಿ ನೀರೂ ಇಳಿಯದ ದಿನಗಳವು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತವರು ಒಬ್ಬರನ್ನೊಬ್ಬರು ಕೇಳುವುದು ಊಟವಾಯಿತೇ ಎಂದಲ್ಲ.

‘ಕೌಂಟ್ ಬಂತಾ ಅಣ್ಣಾ?’

‘ಇವತ್ತು ಇನ್ನೂರು. ನಾಳೆ ನೋಡ್ಬೇಕು ಅಂದ್ರು.’

ನ್ಯೂಟ್ರೋಫಿಲ್ ಮೂರು ದಿನ ಒಂದೇ ಸಮನೆ 500 ದಾಟಿದರೆ ಕಸಿ ಹಿಡಿಯಿತು ಎಂದು ಲೆಕ್ಕ. ತನ್ನದೇ ಕೋಶ ಹಾಕಿಸಿಕೊಂಡವರಲ್ಲಿ ಹತ್ತು ಹನ್ನೆರಡನೇ ದಿನಕ್ಕೆ, ದಾನಿಯ ಕೋಶಗಳಾದರೆ ಎರಡರಿಂದ ಮೂರು ವಾರಕ್ಕೆ ಅದು ಬರುತ್ತದೆ. ಪ್ಲೇಟ್‌ಲೆಟ್‌ಗೆ ಬೇರೆ ನಿಯಮ: ಏಳು ದಿನದಿಂದ ಹೊರಗಿನ ಪ್ಲೇಟ್‌ಲೆಟ್ ಏರಿಸಿರಬಾರದು, ಆದರೂ 20,000ಕ್ಕಿಂತ ಮೇಲಿರಬೇಕು. ಬ್ಲಡ್ ಬ್ಯಾಂಕಿನ ಚೀಲದಿಂದ ಬಂದದ್ದನ್ನು ನಮ್ಮದೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲವಲ್ಲ. ನಿಗದಿತ ಸಮಯ ಮೀರಿಯೂ ಈ ಗೆರೆಗಳು ದಾಟದಿದ್ದರೆ ಅಲ್ಲಿಂದಲೇ ಕಷ್ಟದ ಸೂಚನೆ.

ಇಲ್ಲಿಯವರೆಗಿನದು ಎಲ್ಲ ಕಸಿ ಘಟಕಗಳಿಗೂ ಗೊತ್ತಿದ್ದ ಸಂಗತಿ. ಎಲ್ಲರ ಕಣ್ಣೂ ನ್ಯೂಟ್ರೋಫಿಲ್ ಮೇಲೆ. ಅದೇ ವರದಿಯ ಇನ್ನೊಂದು ಸಾಲು, ಲಿಂಫೋಸೈಟ್ ಎಂಬ ಬಿಳಿ ಕಣದ್ದು, ಹೆಚ್ಚಿನವರಿಗೆ ಬೇಡವಾಗಿತ್ತು. 2001ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಲೂಯಿಸ್ ಪೊರಾಟಾ ಮತ್ತು ಸಂಗಡಿಗರು ಹಳೆಯ ಕಡತಗಳನ್ನು ತೆಗೆದು ಆ ಸಾಲನ್ನು ಓದಿದರು. ತಮ್ಮದೇ ಆಕರಕೋಶ ಹಾಕಿಸಿಕೊಂಡ 126 ಮಯಲೋಮಾ ರೋಗಿಗಳು, 104 ಲಿಂಫೋಮಾ ರೋಗಿಗಳು. ಕೇಳಿದ ಪ್ರಶ್ನೆ ಸರಳ: ಕಸಿಯ 15ನೇ ದಿನ ಲಿಂಫೋಸೈಟ್ 500 ಮುಟ್ಟಿತ್ತೇ ಇಲ್ಲವೇ? ಮುಟ್ಟಿದ ಮಯಲೋಮಾ ರೋಗಿಗಳಲ್ಲಿ ಅರ್ಧದಷ್ಟು ಮಂದಿ 33 ತಿಂಗಳು ದಾಟಿದ್ದರು. ಮುಟ್ಟದವರಲ್ಲಿ ಅರ್ಧದಷ್ಟು ಮಂದಿ 12 ತಿಂಗಳಿಗೇ ತೀರಿಕೊಂಡಿದ್ದರು. ಲಿಂಫೋಮಾದಲ್ಲಿ ಅಂತರ ಇನ್ನೂ ಹೆಚ್ಚು. ಮುಟ್ಟದವರಲ್ಲಿ ಅರ್ಧದಷ್ಟು ಮಂದಿ 6 ತಿಂಗಳಿಗೇ ಹೋಗಿದ್ದರು. ಮುಟ್ಟಿದವರಲ್ಲಿ ಅಧ್ಯಯನ ಮುಗಿಯುವ ಹೊತ್ತಿಗೂ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಿದ್ದರು.

ಹದಿನೈದನೇ ದಿನದ ಒಂದು ಅಂಕಿ ವರ್ಷಗಳ ಆಚೆಯದನ್ನು ಹೇಳಿತೆಂದರೆ ಅನುಮಾನ ಬರಲೇಬೇಕು. ಮೈಯಲ್ಲಿ ಮೊದಲೇ ಗಟ್ಟಿಯಿದ್ದವರಿಗೆ ಲಿಂಫೋಸೈಟೂ ಬೇಗ ಬಂತು, ಆಯಸ್ಸೂ ಉಳಿಯಿತು, ಅಷ್ಟೇ ಇರಬಾರದೇಕೆ? ಪೊರಾಟಾ ತಂಡ ವಯಸ್ಸು, ರೋಗದ ಹಂತ ಮುಂತಾದವುಗಳ ಪಾಲನ್ನು ಕಳೆದು ನೋಡಿದರೂ ಲಿಂಫೋಸೈಟಿನ ಸುಳಿವು ನಿಂತಿತು. ಕಾರಣ ಹುಡುಕಿದಾಗ ಬೊಟ್ಟು ಹೋದದ್ದು ಎನ್‌ಕೆ ಕೋಶಗಳ ಕಡೆಗೆ, ‘ಸಹಜ ಹಂತಕ’ ಎಂದು ಹೆಸರು ಪಡೆದ ಲಿಂಫೋಸೈಟ್ ಬಗೆ. ಕಸಿಯ ನಂತರ ಮೊದಲ ತಿಂಗಳಲ್ಲೇ ಮರಳುವ ಲಿಂಫೋಸೈಟುಗಳು ಇವೇ. ಕ್ಯಾನ್ಸರ್ ಕೋಶಗಳನ್ನು ಮುಂಚಿತ ಪರಿಚಯವಿಲ್ಲದೆಯೂ ಕೊಲ್ಲಬಲ್ಲವು. ಭಾರೀ ಕೀಮೋ ಕೊಟ್ಟರೂ ಎಲ್ಲೋ ಅಡಗಿ ಉಳಿದ ಕ್ಯಾನ್ಸರ್ ಕೋಶಗಳು ಅತ್ಯಂತ ಕಡಿಮೆ ಇರುವುದು ಆ ಮೊದಲ ವಾರಗಳಲ್ಲೇ. ಕಾವಲು ಬೇಗ ಬಂದಷ್ಟೂ ಅವು ಮತ್ತೆ ತಲೆ ಎತ್ತುವುದು ಕಷ್ಟ. ಟಿ ಲಿಂಫೋಸೈಟುಗಳು ಬರಲು ತಿಂಗಳುಗಳೇ ಬೇಕು. ವಯಸ್ಸಾದವರಲ್ಲಿ ಅವುಗಳ ಪಾಠಶಾಲೆಯಾದ ಥೈಮಸ್ ಗ್ರಂಥಿ ಕುಗ್ಗಿರುವುದರಿಂದ ಇನ್ನೂ ತಡ.

ದಾನಿಯ ಮಜ್ಜೆ ಹಾಕಿಸಿಕೊಂಡವರಲ್ಲಿ ಇಂಥದ್ದೇ ಸುಳಿವನ್ನು 1998ರಲ್ಲೇ ಲಂಡನ್ನಿನ ರೇ ಪೌಲ್ಸ್ ತಂಡ ಕಂಡಿತ್ತು: ಕಸಿಯಾಗಿ ಸುಮಾರು ಒಂದು ತಿಂಗಳಿಗೆ ಲಿಂಫೋಸೈಟ್ 200ಕ್ಕಿಂತ ಕೆಳಗಿದ್ದ ಲ್ಯುಕೇಮಿಯಾ ರೋಗಿಗಳಲ್ಲಿ ರೋಗ ಮರಳಿದ್ದು ಹೆಚ್ಚು. ದಾನಿಯ ಲಿಂಫೋಸೈಟುಗಳು ಲ್ಯುಕೇಮಿಯಾವನ್ನು ಬೇಟೆಯಾಡುತ್ತವೆ ಎಂಬುದು 1979ರಿಂದ ವೈದ್ಯರಿಗೆ ತಿಳಿದಿದ್ದ ಮಾತು. ಮ್ಯೂನಿಕ್‌ನ ಹಾನ್ಸ್ ಕೋಲ್ಬ್ 1990ರಲ್ಲಿ ರೋಗ ಮರಳಿದವರಿಗೆ ದಾನಿಯ ಲಿಂಫೋಸೈಟುಗಳನ್ನೇ ಚುಚ್ಚಿ ರೋಗ ಇಳಿಸಿಯೂ ತೋರಿಸಿದ್ದರು. ಹಾಗಾಗಿ ಎಣಿಕೆ ಹೇಳಿದ್ದು ತೀರಾ ಅನಿರೀಕ್ಷಿತವಲ್ಲ. ಆದರೆ ಇಂಥದ್ದೊಂದು ದೊಡ್ಡ ಜೀವಶಾಸ್ತ್ರದ ಸಂಗತಿ ದಿನನಿತ್ಯದ ವರದಿಯ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿತ್ತು ಎಂಬುದೇ ಸೋಜಿಗ.

ಇಲ್ಲಿ ಓದುಗರು ವರದಿ ಓದುವ ಒಂದು ಕ್ರಮ ಕಲಿಯುವುದು ಒಳ್ಳೆಯದು, ಏಕೆಂದರೆ ಊರಿನ ಲ್ಯಾಬುಗಳು ಹಲವು ಸಲ ಬರೀ ಶೇಕಡಾವಾರು ಕೊಡುತ್ತವೆ. ಒಬ್ಬರ ಒಟ್ಟು ಬಿಳಿ ಕಣ 1,200, ಲಿಂಫೋಸೈಟ್ ಶೇ 50 ಎನ್ನಿ. ಶೇ 50 ನೋಡಿ ಮನೆಯವರು ಗಾಬರಿಯಾಗುತ್ತಾರೆ, ಪಕ್ಕದಲ್ಲಿ ‘ಹೆಚ್ಚು’ ಎಂದು ಕಪ್ಪಗೆ ಅಚ್ಚಾಗಿರುತ್ತದೆ. ನಿಜದಲ್ಲಿ ಅವರ ಲಿಂಫೋಸೈಟ್ 600. ಇಂಥ ದಿನಗಳಿಗೆ ಅದು ನೆಮ್ಮದಿಯ ಅಂಕಿ. ಇನ್ನೊಬ್ಬರ ಒಟ್ಟು ಬಿಳಿ ಕಣ 9,000, ಲಿಂಫೋಸೈಟ್ ಶೇ 4. ಒಟ್ಟು ನೋಡಿದರೆ ಆರೋಗ್ಯವಂತರಂತೆ ಕಾಣುತ್ತಾರೆ, ಲಿಂಫೋಸೈಟ್ ಮಾತ್ರ 360. ಶೇಕಡಾವನ್ನು ಒಟ್ಟಿನಿಂದ ಗುಣಿಸಿ ನೂರರಿಂದ ಭಾಗಿಸಿದರೆ ಆಯಿತು. ಐದನೇ ತರಗತಿಯ ಲೆಕ್ಕ. ಇದನ್ನು ಮಾಡದೆ ಶೇಕಡಾ ಹಿಡಿದು ಅಳುವುದು, ನಗುವುದು ಎರಡೂ ದಂಡ.

ಪ್ಲೇಟ್‌ಲೆಟ್ ಕತೆ ಬೇರೆ. ಅದು ರಕ್ತಸ್ರಾವ ತಡೆಯುವ ಕಣವೆಂದಷ್ಟೇ ನಾವು ಡೆಂಗಿಯಿಂದ ಕಲಿತದ್ದು. ಕಸಿ ವೈದ್ಯರಿಗೆ ಅದು ಇಡೀ ದೇಹದ ಸ್ಥಿತಿಗತಿಯ ಸೂಚಕ. ಮಜ್ಜೆ ಸರಿಯಾಗಿ ಬೇರು ಬಿಡದಿದ್ದರೂ ಪ್ಲೇಟ್‌ಲೆಟ್ ಇಳಿಯುತ್ತದೆ, ವೈರಸ್ ಸೋಂಕಾದರೂ ಇಳಿಯುತ್ತದೆ, ಕೆಲವು ಔಷಧಿಗೂ ಇಳಿಯುತ್ತದೆ, ರೋಗ ಮರಳಿದರಂತೂ ಇಳಿಯುತ್ತದೆ. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗುವುದಕ್ಕೆ ವೈದ್ಯರು ಜಿವಿಎಚ್‌ಡಿ ಎನ್ನುತ್ತಾರೆ. ಅದರ ದೀರ್ಘಕಾಲದ ರೂಪ ಶುರುವಾಗುವಾಗ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಇದ್ದವರ ದಾರಿ ಕಠಿಣ ಎಂಬುದು ಎಷ್ಟೋ ವರ್ಷಗಳಿಂದ ಮತ್ತೆ ಮತ್ತೆ ಕಂಡುಬಂದಿದೆ.

ಜರ್ಮನಿಯ ಹೈಡೆಲ್‌ಬರ್ಗ್‌ನ ಥಾಮಸ್ ಲುಫ್ಟ್ ತಂಡ 2017ರಲ್ಲಿ ಪ್ಲೇಟ್‌ಲೆಟ್‌ಗೆ ಇನ್ನೆರಡು ಅಗ್ಗದ ಅಂಕಿ ಜೋಡಿಸಿ ಒಂದು ಸೂತ್ರ ಕಟ್ಟಿತು. ಹೆಸರು ಈಸಿಕ್ಸ್. ಎಲ್‌ಡಿಎಚ್ ಎಂಬ ಕಿಣ್ವವನ್ನು ಕ್ರಿಯಾಟಿನಿನ್‌ನಿಂದ ಗುಣಿಸು, ಪ್ಲೇಟ್‌ಲೆಟ್‌ನಿಂದ ಭಾಗಿಸು, ಮುಗಿಯಿತು. ಎಲ್‌ಡಿಎಚ್ 250, ಕ್ರಿಯಾಟಿನಿನ್ 1, ಪ್ಲೇಟ್‌ಲೆಟ್ 1,25,000 ಇದ್ದರೆ (ಸಾವಿರಗಳಲ್ಲಿ ಹಿಡಿದರೆ 125) ಉತ್ತರ 2. ಎಲ್‌ಡಿಎಚ್ 600, ಕ್ರಿಯಾಟಿನಿನ್ 1.5, ಪ್ಲೇಟ್‌ಲೆಟ್ 30,000 ಇದ್ದರೆ ಉತ್ತರ 30. ಅಂಕಿ ಏರಿದಷ್ಟೂ ಅಪಾಯ ಹೆಚ್ಚು. ಸೂತ್ರದ ಹಿಂದಿನ ವಿಚಾರ ಚಂದವಾಗಿದೆ. ರಕ್ತನಾಳಗಳ ಒಳಮೈಗೆ ಹಾಸಿದಂತಿರುವ ತೆಳು ಕೋಶಪದರ ಕೀಮೋ, ವಿಕಿರಣ, ಸೋಂಕು, ದಾನಿಕೋಶಗಳ ದಾಳಿ ಎಲ್ಲಕ್ಕೂ ಮೊದಲು ಮೈಯೊಡ್ಡುತ್ತದೆ. ಅದು ಗಾಯಗೊಂಡರೆ ಸಣ್ಣ ನಾಳಗಳಲ್ಲಿ ರಕ್ತ ಗರಣೆಗಟ್ಟಿ ಪ್ಲೇಟ್‌ಲೆಟ್ ಖರ್ಚಾಗುತ್ತದೆ, ನುಗ್ಗಾದ ಕೋಶಗಳಿಂದ ಎಲ್‌ಡಿಎಚ್ ಸೋರುತ್ತದೆ, ಮೂತ್ರಪಿಂಡ ಸೋತು ಕ್ರಿಯಾಟಿನಿನ್ ಏರುತ್ತದೆ. ಅಂದರೆ ಕಣ್ಣಿಗೆ ಕಾಣದ ಗಾಯವೊಂದನ್ನು ಮೂರು ಸಾಧಾರಣ ಪರೀಕ್ಷೆಗಳು ಮೂರು ದಿಕ್ಕಿನಿಂದ ತೋರಿಸುತ್ತವೆ. ಚನ್ನಪಟ್ಟಣದಂಥ ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲೂ ಮೂರೂ ಆಗುತ್ತವೆ.

ಆಮೇಲಿನದು ಸ್ವಲ್ಪ ಜಾತ್ರೆ. ನ್ಯೂಟ್ರೋಫಿಲನ್ನು ಲಿಂಫೋಸೈಟಿನಿಂದ ಭಾಗಿಸಿದವರು, ಲಿಂಫೋಸೈಟನ್ನು ಮಾನೋಸೈಟಿನಿಂದ ಭಾಗಿಸಿದವರು, ಪ್ಲೇಟ್‌ಲೆಟನ್ನು ಲಿಂಫೋಸೈಟಿನಿಂದ ಭಾಗಿಸಿದವರು, ಎಲ್ಲರ ಬಳಿಯೂ ಒಂದೊಂದು ಪ್ರಬಂಧ. ಕೆಂಪು ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ಹೇಳುವ ಆರ್‌ಡಿಡಬ್ಲ್ಯು ಎಂಬ ಅಂಕಿಯನ್ನೂ ಬಿಟ್ಟಿಲ್ಲ. ಸಿಬಿಸಿಯ ಅಂಕಿಗಳು ಪುಕ್ಕಟೆ ಸಿಗುತ್ತವೆ, ಹಳೆ ಕಡತಗಳು ಎಲ್ಲ ಆಸ್ಪತ್ರೆಯಲ್ಲೂ ಇವೆ, ಗಣಕದಲ್ಲಿ ಯಾವ ಎರಡನ್ನು ಬೇಕಾದರೂ ಭಾಗಿಸಬಹುದು. ಹೀಗೆ ಹಿಂದೆ ತಿರುಗಿ ನೋಡಿ ಮಾಡಿದ ಅಧ್ಯಯನಗಳಲ್ಲಿ ಗೆರೆ ಎಲ್ಲಿ ಎಳೆದರೆ ಫಲಿತಾಂಶ ಚೆನ್ನಾಗಿ ಕಾಣುತ್ತದೋ ಅಲ್ಲೇ ಎಳೆಯುವ ಚಪಲ ಇದ್ದೇ ಇದೆ. ಒಂದು ಆಸ್ಪತ್ರೆಯಲ್ಲಿ ಎಳೆದ ಗೆರೆ ಇನ್ನೊಂದರ ರೋಗಿಗಳ ಮೇಲೂ ನಿಲ್ಲುತ್ತದೆಯೇ ಎಂದು ನೋಡದೆ ನಂಬುವಂತಿಲ್ಲ.

ನಮ್ಮ ಕಡೆಗಂತೂ ಇನ್ನಷ್ಟು ಎಚ್ಚರ ಬೇಕು. ಆರ್‌ಡಿಡಬ್ಲ್ಯು ಹೆಚ್ಚಿದ್ದರೆ ಕೆಟ್ಟದ್ದು ಎಂದು ಹೊರದೇಶದ ಪ್ರಬಂಧ ಹೇಳಬಹುದು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಇದ್ದಾರೆ. ಅವರ ಆರ್‌ಡಿಡಬ್ಲ್ಯು ಕ್ಯಾನ್ಸರ್ ಬರುವ ಮೊದಲೇ ಏರಿರುತ್ತದೆ. ಆ ಅಂಕಿ ಅಲ್ಲಿ ಹೇಳುತ್ತಿರುವುದು ಕಸಿಯ ಭವಿಷ್ಯವನ್ನಲ್ಲ, ಊಟದ ತಟ್ಟೆಯ ಇತಿಹಾಸವನ್ನು. ಔಷಧಿಗಳೂ ಲೆಕ್ಕ ಕೆಡಿಸುತ್ತವೆ. ನ್ಯೂಟ್ರೋಫಿಲ್ ಏರಿಸಲು ಕೊಡುವ ಜಿ–ಸಿಎಸ್‌ಎಫ್ ಚುಚ್ಚುಮದ್ದು ಎರಡೇ ದಿನದಲ್ಲಿ ಅಂಕಿಯನ್ನು ಎಲ್ಲಿಗೋ ಒಯ್ಯುತ್ತದೆ. ಜಿವಿಎಚ್‌ಡಿಗೆ ಸ್ಟೀರಾಯ್ಡ್ ಶುರು ಮಾಡಿದರೆ ನ್ಯೂಟ್ರೋಫಿಲ್ ಮೇಲೆ, ಲಿಂಫೋಸೈಟ್ ಕೆಳಗೆ. ಅವೆರಡರ ಭಾಗಲಬ್ಧ ಮಾತ್ರೆಯನ್ನು ಅಳೆಯುತ್ತಿರುತ್ತದೆ, ಮನುಷ್ಯನನ್ನಲ್ಲ. ಪೊರಾಟಾ ಕಂಡ 33 ಮತ್ತು 12 ತಿಂಗಳುಗಳೂ ಆ ಕಾಲದವು. ಆಮೇಲೆ ಬೋರ್ಟೆಜೊಮಿಬ್, ಲೆನಲಿಡೊಮೈಡ್, ಡಾರಾಟುಮುಮಾಬ್‌ನಂಥ ಮದ್ದುಗಳು ಬಂದು ಮಯಲೋಮಾ ರೋಗಿಗಳ ಆಯಸ್ಸು ಬಹಳ ಹಿಗ್ಗಿದೆ. ಅಂತರ ಇದೆಯೆಂಬ ಮಾತನ್ನು ಇಟ್ಟುಕೊಂಡು ಆ ತಿಂಗಳುಗಳನ್ನು ಮರೆಯುವುದು ಸರಿ.

ಹಾಗಾದರೆ ವೈದ್ಯರು ಭವಿಷ್ಯ ಹೇಳುವಾಗ ಯಾವುದನ್ನು ನೆಚ್ಚುತ್ತಾರೆ? ಮೊದಲಿಗೆ ರೋಗದ ಜಾತಿ, ಅದರ ಜೀನ್‌ಗಳ ಕೆಡುಕು, ಕಸಿಗೆ ಹೋಗುವ ಹೊತ್ತಿಗೆ ಅದು ಅಡಗಿತ್ತೇ ಇಲ್ಲವೇ ಎಂಬುದು. ರೋಗಿಗೆ ಸಕ್ಕರೆ ಕಾಯಿಲೆ, ಹೃದಯ, ಯಕೃತ್ತಿನ ತೊಂದರೆ ಏನೇನಿದೆ ಎಂದು ಅಂಕ ಹಾಕುವ ಪಟ್ಟಿಯೊಂದನ್ನು ಮೊಹಮ್ಮದ್ ಸೊರೊರ್ ಸಿಯಾಟಲ್‌ನಲ್ಲಿ 2005ರಲ್ಲಿ ಮಾಡಿದ್ದಾರೆ; ಅದು ಎಲ್ಲೆಡೆ ಬಳಕೆಯಲ್ಲಿದೆ. ಕಸಿಯ ನಂತರ ರಕ್ತದಲ್ಲಿ ದಾನಿಯ ಪಾಲೆಷ್ಟು, ರೋಗಿಯ ಹಳೆಯ ಪಾಲೆಷ್ಟು ಎಂದು ಡಿಎನ್‌ಎ ನೋಡಿ ಹೇಳುವ ಕೈಮೆರಿಸಮ್ ಪರೀಕ್ಷೆ ಇದೆ. ಲಕ್ಷಕ್ಕೊಂದು ಕ್ಯಾನ್ಸರ್ ಕೋಶ ಉಳಿದಿದ್ದರೂ ಹಿಡಿಯುವ ಪರೀಕ್ಷೆಗಳಿವೆ. ಅವೆಲ್ಲ ದುಬಾರಿ, ತಿಂಗಳಿಗೋ ಮೂರು ತಿಂಗಳಿಗೋ ಒಂದು ಸಲ. ನಡುವಿನ ದಿನಗಳಲ್ಲಿ ಕಾವಲು ಕಾಯುವುದು ಸಿಬಿಸಿ. ಪ್ಲೇಟ್‌ಲೆಟ್ ಒಂದೇ ಮಟ್ಟದಲ್ಲಿ ನಿಂತಿದ್ದು ಮೂರು ವಾರ ಸತತವಾಗಿ ಇಳಿದರೆ, ಪ್ರತಿ ಅಂಕಿಯೂ ‘ಸಾಮಾನ್ಯ’ದ ಗೆರೆಯೊಳಗೇ ಇದ್ದರೂ, ದುಬಾರಿ ಪರೀಕ್ಷೆ ಬೇಗ ಮಾಡಿಸಲು ಅದೇ ಕಾರಣ ಸಾಕು.

ಆದ್ದರಿಂದಲೇ ಒಂಟಿ ಅಂಕಿಗಿಂತ ಅಂಕಿಗಳ ಸಾಲು ಮುಖ್ಯ. ಹೊಂಗನೂರಿನ ಐವತ್ತೈದು ವರ್ಷದ ಬೆಳೆಗಾರರೊಬ್ಬರು ಮಯಲೋಮಾಕ್ಕೆ ಕಸಿ ಮಾಡಿಸಿಕೊಂಡು ಊರಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಅವರ 15ನೇ ದಿನದ ಲಿಂಫೋಸೈಟ್ 380 ಇತ್ತು. ಇದರರ್ಥ ಅವರ ಹಣೆಬರಹ ಬರೆದಾಯಿತು ಎಂದಲ್ಲ. 500ಕ್ಕಿಂತ ಕೆಳಗಿದ್ದವರ ಗುಂಪಿನಲ್ಲಿ ಬೇಗ ಹೋದವರೂ ಇದ್ದಾರೆ, ಬಹುಕಾಲ ಉಳಿದವರೂ ಇದ್ದಾರೆ; ಇವರು ಯಾರ ಸಾಲಿನವರು ಎಂದು ಆ ಅಂಕಿ ಹೇಳಲಾರದು. ಅದು ವೈದ್ಯರಿಗೆ ಹೇಳುವುದು ಇಷ್ಟೇ: ಇವರ ಕಡೆ ಒಂದು ಕಣ್ಣು ಹೆಚ್ಚಾಗಿಯೇ ಇರಲಿ. ಹಾಗಾಗಿ ಇವರಿಗೆ ಪರೀಕ್ಷೆಯ ದಿನಗಳು ಹತ್ತಿರವಾಗಬಹುದು, ಸೋಂಕು ತಡೆಯುವ ಮಾತ್ರೆ ಹೆಚ್ಚು ದಿನ ಮುಂದುವರಿಯಬಹುದು.

ಚನ್ನಪಟ್ಟಣದಿಂದ ಬೆಂಗಳೂರು ಸುಮಾರು 60 ಕಿಲೋಮೀಟರ್. ದೂರವಲ್ಲ, ಆದರೂ ವಾರಕ್ಕೊಮ್ಮೆ ಬರೀ ಸಿಬಿಸಿಗಾಗಿ ಕೂಲಿ ಬಿಟ್ಟು ಇಬ್ಬರು ಹೋಗಿಬರುವುದು ಎಲ್ಲರಿಗೂ ಆಗದು. ಊರಿನಲ್ಲೇ ರಕ್ತ ಕೊಟ್ಟು ವರದಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಈಗ ರೂಢಿ. ಹಾಗೆ ಮಾಡುವವರು ಪ್ರತಿಸಲ ಒಂದೇ ಲ್ಯಾಬಿಗೆ ಹೋಗುವುದು ಒಳ್ಳೆಯದು. ಬೇರೆ ಬೇರೆ ಯಂತ್ರಗಳ ನಡುವೆ ಅಂಕಿ ಒಂದಿಷ್ಟು ಹೆಚ್ಚುಕಮ್ಮಿ ಆಗುತ್ತದೆ, ಇಳಿದದ್ದು ರಕ್ತವೋ ಯಂತ್ರವೋ ತಿಳಿಯದೆ ಹೋಗುತ್ತದೆ. ಹಳೆಯ ವರದಿಗಳನ್ನು ಎಸೆಯಬಾರದು. ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ ಕುಸಿದಂತೆ ಕಂಡರೆ ಗಾಜಿನ ಮೇಲೆ ನೋಡಿ ಹೇಳಿ ಎಂದು ಕೇಳಬೇಕು. ಮತ್ತು ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಾಳೆಯ ಕೌಂಟ್ ನೋಡೋಣ ಎಂದು ಕೂರುವಂತಿಲ್ಲ, ರಾತ್ರಿಯಾದರೂ ಸರಿ, ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಪಪ್ಪಾಯಿ ಎಲೆ ರಸದ ವಿಷಯ ಕೇಳಿದರೆ ಕಸಿ ವೈದ್ಯರು ತಲೆ ಅಲ್ಲಾಡಿಸುತ್ತಾರೆ. ಬೇಯಿಸದ ಎಲೆಯ ಮೇಲೆ ಕೂತ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅವರ ದೊಡ್ಡ ಭಯ.

ಯಂತ್ರಗಳೂ ಬದಲಾಗುತ್ತಿವೆ. ಹೊಸ ಮಾದರಿಯ ಎಣಿಕೆ ಯಂತ್ರಗಳು ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆಯ ಪ್ಲೇಟ್‌ಲೆಟ್‌ಗಳ ಪಾಲನ್ನು ಬೇರೆಯಾಗಿ ಹೇಳುತ್ತವೆ. ಒಟ್ಟು ಎಣಿಕೆ ಇನ್ನೂ ಹತ್ತು ಸಾವಿರದಲ್ಲೇ ಬಿದ್ದಿರುವಾಗ ಈ ಪಾಲು ಮೊದಲೇ ಜಿಗಿಯುತ್ತದೆ. ಒಂದೆರಡು ದಿನದಲ್ಲಿ ಎಣಿಕೆಯೂ ಏರಲಿದೆ ಎಂದು ತಿಳಿದರೆ ಒಂದು ಚೀಲ ಪ್ಲೇಟ್‌ಲೆಟ್ ಉಳಿಯುತ್ತದೆ, ಅದಕ್ಕಾಗಿ ದಾನಿಗಳನ್ನು ಹುಡುಕಿ ಅಲೆಯುವ ಮನೆಯವರ ಒಂದು ದಿನವೂ ಉಳಿಯುತ್ತದೆ. ಇಂಥ ಯಂತ್ರ ದೊಡ್ಡ ಆಸ್ಪತ್ರೆಗಳಲ್ಲಿದೆ, ತಾಲ್ಲೂಕು ಲ್ಯಾಬುಗಳಿಗೆ ಬರಬೇಕಷ್ಟೆ.

ನೂರು ದಿನ ಕಳೆದ ಮೇಲೆ ಸಿಬಿಸಿಯ ಅಂಕಿಗಳು ಮೆಲ್ಲಗೆ ಎಲ್ಲರ ಅಂಕಿಗಳಂತಾಗುತ್ತ ಬರುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಹೋದಂತೆ. ಒಳಗೆ ಲಿಂಫೋಸೈಟುಗಳು ಸಂಖ್ಯೆಯಲ್ಲಿ ಬಂದಿದ್ದರೂ ಅವುಗಳ ನೆನಪು ಅಳಿಸಿಹೋಗಿರುತ್ತದೆ: ಚಿಕ್ಕಂದಿನಲ್ಲಿ ಅಂಗನವಾಡಿಯಲ್ಲಿ ಹಾಕಿಸಿಕೊಂಡ ಲಸಿಕೆಗಳ ಪಾಠ ಅವಕ್ಕೆ ಗೊತ್ತಿಲ್ಲ. ಹಾಗಾಗಿ ಐವತ್ತು ದಾಟಿದವರೂ ಧನುರ್ವಾಯು, ನ್ಯುಮೋನಿಯಾ, ಪೋಲಿಯೊ ಚುಚ್ಚುಮದ್ದುಗಳನ್ನು ಮೂರರಿಂದ ಹನ್ನೆರಡು ತಿಂಗಳ ನಡುವೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ದಡಾರದಂಥ ಜೀವಂತ ವೈರಸ್ಸಿನ ಲಸಿಕೆಗೆ ಎರಡು ವರ್ಷ ಕಾಯಬೇಕು, ಅದೂ ಜಿವಿಎಚ್‌ಡಿ ಇಲ್ಲದಿದ್ದು, ರೋಗನಿರೋಧ ತಗ್ಗಿಸುವ ಮಾತ್ರೆಗಳು ನಿಂತಿದ್ದರೆ ಮಾತ್ರ.